ಕಟ್ಟದಲ್ಲಿ ನಿಂತದ್ದು ನೀರು ಮಾತ್ರ ಅಲ್ಲ

ನಾನು ಒಳ್ಳೆಯದು ಮಾಡಲು ಹೊರಟಾಗಲೆಲ್ಲ ಊರಿಗೆ ಏನಾದರೊಂದು ಆಗಿಯೇ ಆಗುತ್ತದೆ. ತಪ್ಪು ನನ್ನದಲ್ಲ, ಸಾಮರ್ಥ್ಯ ಜಾಸ್ತಿಯಾದವರ ಕತೆಯೇ ಹೀಗೆ. ಕಡಬದ ಆಚೆ ಗುಡ್ಡೆಯಿಂದ ಹರಿದು ಬರುವ ನಮ್ಮ ತೋಡಿಗೆ ಕಟ್ಟ ಹಾಕಿದ್ದನ್ನೇ ನೋಡಿ.

೧. ಅಧ್ಯಕ್ಷ

ಮಳೆ ನಿಂತ ಮೇಲೆ ತೋಡಿಗೆ ಅಡ್ಡ ಕಟ್ಟಿ ನೀರು ನಿಲ್ಲಿಸಿದರೆ ಸುತ್ತಲಿನ ಬಾವಿಗಳು ಬೇಸಿಗೆಯಲ್ಲೂ ಬತ್ತುವುದಿಲ್ಲ. ಹಿಂದಿನವರು ಕಲ್ಲು, ಮಣ್ಣು, ಸೊಪ್ಪು ಹಾಕಿ ಎರಡು ವಾರ ಕಟ್ಟುತ್ತಿದ್ದರಂತೆ. ನಾನು ಮನೆಮನೆಯಿಂದ ಗೊಬ್ಬರದ ಖಾಲಿ ಚೀಲ ತರಿಸಿ, ಮರಳು ತುಂಬಿಸಿ, ಮೇಲೊಂದು ಟಾರ್ಪಾಲು ಹೊದೆಸಿ ಮಧ್ಯಾಹ್ನದ ಊಟದೊಳಗೆ ಮುಗಿಸಿದೆ. ಅಲ್ಲಿಯೇ ನನ್ನನ್ನು ಕಟ್ಟ ಸಮಿತಿಯ ಅಧ್ಯಕ್ಷ ಮಾಡಿದರು. ಕೇರಳದಿಂದ ಬಂದು ರಬ್ಬರ್ ಹಾಕಿದ ನೆರೆಯವರು ಕಾರ್ಯದರ್ಶಿ.

ಇದೆಲ್ಲ ಮುಖ್ಯವಾಗಿ ತೋಡಿನ ಕೆಳಬದಿಯ ಮನೆಯ ಅಕ್ಕನಿಗಾಗಿ. ಶಿವರಾತ್ರಿ ಕಳೆದರೆ ಅವರ ಬಾವಿ ತಳ ಕಾಣುತ್ತಿತ್ತು. ಮಂಡಿನೋವು ಇಟ್ಟುಕೊಂಡು ಗುಡ್ಡೆ ಹತ್ತಿ ನೀರು ಹೊರುತ್ತಿದ್ದರು. ಆ ವರ್ಷ ಬಾವಿ ತುಂಬಿ ನಿಂತಿತು.

"ಅಣ್ಣಾ, ನಿಮ್ಮ ಹೆಸರು ಹೇಳಿ ಒಂದು ದೀಪ ಇಡ್ತೇನೆ" ಎಂದರು.

"ಇನ್ನೂ ಬದುಕಿದ್ದೇನೆ ಅಕ್ಕ, ಸ್ವಲ್ಪ ತಡೆಯಿರಿ" ಎಂದೆ.

೨. ಜಗಳಕ್ಕೆ ಹೋದದ್ದು

ವಾರ ಕಳೆಯುವಾಗ ಕಟ್ಟದ ನೀರಿನ ಮೇಲೆ ಡೈಪರು, ಕೋಳಿಪುಕ್ಕದ ಚೀಲ, ತೋಟಕ್ಕೆ ಬಿಟ್ಟ ಹುಲ್ಲು ಸಾಯಿಸುವ ಮದ್ದಿನ ಡಬ್ಬಿಗಳು, ಒಂದು ಹೆಲ್ಮೆಟ್. ಇದು ಮೇಲಿನ ಊರಿನವರ ಕೆಲಸವೆಂದು ನಾನೂ ಕಾರ್ಯದರ್ಶಿಯೂ ಜಗಳ ತೆಗೆಯಲು ತೋಡು ಹಿಡಿದು ಹತ್ತಿದೆವು. ಹತ್ತಿ ಹತ್ತಿ ತೋಡು ಹುಟ್ಟುವ ಒರತೆ ಬಂತು, ಊರು ಬರಲಿಲ್ಲ.

"ನಮ್ಮಿಂದ ಮೇಲೆ ಯಾರೂ ಇಲ್ಲ ಮಾರಾಯ್ರೆ" ಎಂದರು ಕಾರ್ಯದರ್ಶಿ. "ಕಾಡು ಮಾತ್ರ."

"ಕಾಡಿನಲ್ಲಿ ಆನೆ ಉಂಟಲ್ಲ?"

"ಆನೆ ಡೈಪರ್ ಹಾಕುದಾ?"

ನಾವು ಎಸೆದದ್ದನ್ನೆಲ್ಲ ಇಷ್ಟು ವರ್ಷ ತೋಡು ಕೊಂಡುಹೋಗುತ್ತಿತ್ತು. ಎಲ್ಲಿಗೆ ಎಂದು ಯಾರೂ ಕೇಳಿರಲಿಲ್ಲ. ಅದನ್ನು ತಡೆದು ನಿಲ್ಲಿಸಿದ ಕೀರ್ತಿ ನನ್ನದು.

೩. ಸರ್ವಾನುಮತ

ಸಭೆ ಕರೆದೆ. ಪಂಚಾಯತಿನ ಕಸದ ಗಾಡಿ ನಮ್ಮ ಏರು ಹತ್ತುವುದಿಲ್ಲ. ಸುಟ್ಟರೆ ಹೊಗೆ, ಹೂತರೆ ನಾಯಿ ಅಗೆಯುತ್ತದೆ. ಎರಡು ಗಂಟೆ ಮಾತಾಡಿ ನಿರ್ಣಯ ಮಾಡಿದೆವು: ಇನ್ನು ಯಾರೂ ಕಟ್ಟದ ಮೇಲ್ಬದಿಗೆ ಕಸ ಎಸೆಯಬಾರದು. ಕೆಳಬದಿಗೇ ಎಸೆಯಬೇಕು.

"ವಿರೋಧ ಇದ್ದವರು ಕೈ ಎತ್ತಿ" ಎಂದೆ.

ಒಂದು ಕೈಯೂ ಏಳಲಿಲ್ಲ. ಕೆಳಬದಿಯ ಅಕ್ಕ ಸಭೆಗೆ ಬಂದಿರಲಿಲ್ಲ. ಅಷ್ಟು ದೂರ ನಡೆಯಲು ಮಂಡಿ ಬಿಡಬೇಕಲ್ಲ.

೪. ಉಪವಾಸ

ತಿಂಗಳೊಳಗೆ ಅಕ್ಕನ ಬಾವಿನೀರಿನ ಮೇಲೆ ಎಣ್ಣೆಯಂಥ ಪೊರೆ ಕಟ್ಟಿತು. ಪರೀಕ್ಷೆಗೆ ಕೊಟ್ಟೆವು. ಕುಡಿಯಲು ಯೋಗ್ಯವಲ್ಲ ಎಂದು ಚೀಟಿ ಬಂತು. ಆ ಚೀಟಿ ಹಿಡಿದು, ಧೈರ್ಯ ಹೇಳಲೆಂದು ನಾವಿಬ್ಬರೂ ಹೋದೆವು.

ಅಕ್ಕ ಚೀಟಿ ಓದಿ ಮಡಚಿ ಇಟ್ಟರು. ಒಳಗೆ ಹೋಗಿ, ಮನೆಗೆ ಬಂದವರಿಗೆ ಕೊಡುವ ಕ್ರಮದಂತೆ ಬೆಲ್ಲದ ತುಂಡು, ಎರಡು ಲೋಟ ನೀರು ತಂದಿಟ್ಟರು.

ಬೆಲ್ಲ ಬಾಯಿಗೆ ಹಾಕಿಕೊಂಡೆ. ದನದ ಹಟ್ಟಿಗೆ ನುಗ್ಗಿದ ಚಿರತೆಯನ್ನು ಕಿವಿ ಹಿಡಿದು ಹೊರಗೆ ಬಿಟ್ಟವನು ನಾನು. ಆದರೆ ಆ ಲೋಟಕ್ಕೆ ಕೈ ಹೋಗಲಿಲ್ಲ.

"ಕುಡಿಯಿರಿ ಅಣ್ಣಾ, ಕುದಿಸಿದ್ದೇ" ಎಂದರು ಅಕ್ಕ. "ನಾನು ಕುಡಿಯುದೂ ಇದನ್ನೇ."

ಕಾರ್ಯದರ್ಶಿ ತಮ್ಮ ಲೋಟವನ್ನೂ ನನ್ನ ಕಡೆ ಸರಿಸಿ, "ಅಧ್ಯಕ್ಷರು ಮೊದಲು" ಎಂದರು.

"ಇವತ್ತು ಏಕಾದಶಿ ಅಲ್ವಾ ಅಕ್ಕ" ಎಂದೆ. "ಹನಿ ನೀರೂ ಮುಟ್ಟುದಿಲ್ಲ ನಾನು."

ಅಕ್ಕ ಒಂದು ಲೋಟ ಎತ್ತಿ ತಾವೇ ಅರ್ಧ ಕುಡಿದರು. ಆಮೇಲೆ ನನ್ನ ಉಬ್ಬಿದ ಕೆನ್ನೆ ನೋಡಿದರು.

"ಹೌದಾ? ಹಾಗಾದರೆ ಆ ಬೆಲ್ಲ ಮೆಲ್ಲ ನುಂಗಿ ಅಣ್ಣಾ. ಉಪವಾಸ ಮತ್ತೆ ಸುರು ಮಾಡುವಿರಂತೆ."