ಸೋಪುಡಬ್ಬಿಯಲ್ಲಿ ಸಿಕ್ಕಿಕೊಂಡ ಅತ್ತೆ

ಕಂಪ್ಯೂಟರ್ ಪರದೆಯ ಮೇಲೆ ತೆರೆದುಕೊಳ್ಳುತ್ತಿದ್ದ ಅತ್ತೆಯ ಮದುವೆಯ ಫೋಟೋ ಹಣೆಯಿಂದ ನಿಧಾನವಾಗಿ ಇಳಿಯುತ್ತಾ ಬಂದು ಮೂಗಿನ ಮೇಲೆ ನಿಂತುಬಿಟ್ಟಿತು. ಚಿಕ್ಕಳಿಯ ಕಾದ. ಕಾಫಿ ಕುಡಿದ. ಲೋಟ ತೊಳೆದಿಟ್ಟು ಬಂದ. ಬಾಯಿ ಇನ್ನೂ ಬಂದಿರಲಿಲ್ಲ. ಅತ್ತೆಯನ್ನು ಬಾಯಿಲ್ಲದೆ ನೋಡುವ ಭಾಗ್ಯ ಬೇರೆ ದಿನ ಸಿಕ್ಕಿದ್ದರೆ ಅವನೇನೂ ಬೇಡವೆನ್ನುತ್ತಿರಲಿಲ್ಲ. ಇವತ್ತು ಮಾತ್ರ ಆ ಬಾಯಿ ಬೇಕೇ ಬೇಕಿತ್ತು.

ಇವತ್ತು ಅತ್ತೆಗೆ ಎಪ್ಪತ್ತು ತುಂಬುವ ದಿನ. ಸಂಜೆ ನೆಂಟರು, ನೆರೆಯವರು ಎಲ್ಲ ಹಜಾರದಲ್ಲಿ ಸೇರುವವರಿದ್ದರು. ಗೋಡೆಯ ದೊಡ್ಡ ಟೀವಿಯಲ್ಲಿ ಅತ್ತೆಯ ಹುಟ್ಟಿನಿಂದ ಇಲ್ಲಿಯವರೆಗಿನ ಫೋಟೋಗಳನ್ನೆಲ್ಲ ಸಾಲಾಗಿ ತೋರಿಸುತ್ತೇನೆಂದು ಚಿಕ್ಕಳಿಯ ಕಂಡಕಂಡವರ ಮುಂದೆ ಕೊಚ್ಚಿಕೊಂಡಿದ್ದ. ಆ ಕೆಲಸಕ್ಕೆ ಅವನ ಬಳಿ ಇದ್ದದ್ದು ಅಂಗೈಯಗಲದ ಒಂದು ಕಂಪ್ಯೂಟರು. ಒಂದೇ ಹಸಿರು ಹಲಗೆಯ ಮೇಲೆ ಅದರ ಸಕಲ ಸಂಸಾರ. ಫೋಟೋಗಳು ಮಾತ್ರ ಪಕ್ಕದಲ್ಲಿ ವೈರಿನಿಂದ ಸಿಗಿಸಿದ ಡಿಸ್ಕಿನಲ್ಲಿದ್ದವು. ಮನೆಯಲ್ಲಿ ಯಾರ ಫೋನಿನಿಂದ ಫೋಟೋ ತೆಗೆದರೂ ಅದು ತಾನಾಗಿಯೇ ಆ ಡಿಸ್ಕಿಗೆ ಬಂದು ಬೀಳುವಂತೆ ಏರ್ಪಾಡು ಮಾಡಿದ್ದ. ಇಷ್ಟೆಲ್ಲ ಮಾಡಿದರೂ ಅತ್ತೆ ಅದಕ್ಕಿಟ್ಟ ಹೆಸರು ಸೋಪುಡಬ್ಬಿ.

ಸೋಪುಡಬ್ಬಿ ಇದ್ದದ್ದು ಅತ್ತೆಯ ಕೋಣೆಗೆ ಅಂಟಿಕೊಂಡ ಹಳೆಯ ಉಗ್ರಾಣದಲ್ಲಿ. ಅತ್ತೆಯ ಮನೆಯಲ್ಲಿ ಅವನಿಗೆಂದು ಇದ್ದ ಜಾಗ ಅದೊಂದೇ. ದಿನವಿಡೀ ಟೈಲ್ಸ್ ಅಂಗಡಿಯಲ್ಲಿ ಗಿರಾಕಿಗಳ ಕೈಲಿ ಬೈಸಿಕೊಂಡು ಬಂದು, ಅಲ್ಲಿ ಬಾಗಿಲು ಹಾಕಿಕೊಂಡು ಕೂತರೆ ಅವನಿಗೆ ಹೋದ ಜೀವ ಬರುತ್ತಿತ್ತು. ಆ ಜಾಗದ ಮೇಲೆ ಅತ್ತೆಗೂ ಕಣ್ಣಿತ್ತು.

"ಸಂಜೆ ಫೋಟೋ ಸರಿಯಾಗಿ ಬರ್ಲಿ ಅಳಿಯಂದ್ರೇ, ಕೋಣೆ ಕೊನೆತನಕ ನಿಮ್ದೇ. ಬರ್ಲಿಲ್ವಾ, ನಾಳೆಯಿಂದ ಅಲ್ಲಿ ನನ್ನ ಹೊಲಿಗೆ ಮಷೀನು," ಎಂದು ಬೆಳಿಗ್ಗೆಯೇ ಹೇಳಿಬಿಟ್ಟಿದ್ದರು.

"ಹೋದ ವಾರ ಚೆನ್ನಾಗೇ ಓಡ್ತಿತ್ತಲ್ರೀ," ಎಂದಳು ಹೆಂಡತಿ.

"ಯಾರೋ ಕೈಯಾಡ್ಸಿದಾರೆ ಕಣೇ," ಎಂದು ಚಿಕ್ಕಳಿಯ ಡಿಸ್ಕಿನ ವೇಗ ಅಳೆಯುವ ಪರೀಕ್ಷೆ ಓಡಿಸಿದ. ಡಿಸ್ಕು ಬಂದಿದ್ದ ಡಬ್ಬದ ಮೇಲೆ ಬರೆದಿದ್ದ ವೇಗಕ್ಕೂ ಪರೀಕ್ಷೆ ತೋರಿಸಿದ ವೇಗಕ್ಕೂ ಸಂಬಂಧವೇ ಇರಲಿಲ್ಲ. ಕಂಪ್ಯೂಟರಿನ ಮೆಮೊರಿ ಕಾರ್ಡು ಹಳತಾಯಿತೇನೋ ಎಂದು ಅಂಗಡಿಗೆ ಓಡಿಹೋಗಿ ಹೊಸದು ತಂದು, ಎಲ್ಲ ತುಂಬಿ, ಹಾಕಿ ನೋಡಿದ. ಫೋಟೋ ಮತ್ತೆ ಅತ್ತೆಯ ಮೂಗಿನ ಮೇಲೇ ಬಂದು ನಿಂತಿತು.

ಅವನು ತಲೆ ಕೆರೆದುಕೊಳ್ಳುವುದು ಕಿಟಕಿಯಿಂದ ಕಂಡಿತೋ ಏನೋ, ಎದುರುಮನೆಯ ಫ್ರಿಜ್ ರಿಪೇರಿಯವನು ಕರೆಯದೆಯೇ ಬಂದ. ಹಲಗೆಯ ಮೇಲೆ ಬೆರಳಿಟ್ಟು ಹಾ ಎಂದು ಹಿಂದೆಳೆದುಕೊಂಡ.

"ಬೆಂಕಿ ಆಗಿದೆ ಸಾರ್! ಇದಕ್ಕೆ ಬೇಕಿರೋದು ಕೂಲಿಂಗು. ಫ್ರಿಜ್ಜಲ್ಲಿ ಬಟಾಣಿ ಇದ್ಯಾ?"

ಬೇಡ ಬೇಡ ಎನ್ನುವಷ್ಟರಲ್ಲಿ ಹೆಪ್ಪುಗಟ್ಟಿದ ಬಟಾಣಿಯ ಚೀಲ ಸೋಪುಡಬ್ಬಿಯ ಮೇಲೆ ಮಲಗಿತ್ತು. ಸ್ವಲ್ಪ ಹೊತ್ತಿಗೆ ಅದು ಬೆವರಿ ತೊಟ್ಟಿಕ್ಕತೊಡಗಿತು. ಚಿಕ್ಕಳಿಯ ಅಯ್ಯಯ್ಯೋ ಎಂದು ಕಂಪ್ಯೂಟರನ್ನು ಎತ್ತಿಕೊಂಡು, ಹೆಂಡತಿ ತಲೆ ಒಣಗಿಸಿಕೊಳ್ಳುತ್ತಿದ್ದ ಡ್ರೈಯರನ್ನು ಕಿತ್ತುಕೊಂಡು ಗಾಳಿ ಹಾಕಿದ. ಅರ್ಧ ತಲೆ ಒದ್ದೆಯಾಗಿದ್ದ ಹೆಂಡತಿ ಆಡಿದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.

ಗಲಾಟೆ ಕೇಳಿ ಕೆಳಗಿನ ಮನೆಯ ರಿಟೈರ್ಡ್ ಬ್ಯಾಂಕ್ ಮ್ಯಾನೇಜರು ಹತ್ತಿ ಬಂದರು.

"ನಮ್ ಬ್ಯಾಂಕಲ್ಲಿ ಇಂಥವೆಲ್ಲ ಎಷ್ಟು ನೋಡಿಲ್ಲ! ಒಂದ್ಸಲ ಆಫ್ ಮಾಡಿ ಆನ್ ಮಾಡಿದ್ರೆ ಮುಗೀತು."

"ಮಾಡಿದೀನಿ ಸಾರ್, ನಾಲ್ಕೈದು ಸಲ ಮಾಡಿದೀನಿ."

"ನೀವು ಮಾಡಿರೋದು ಚಿಲ್ಲರೆ ಆಫು. ಬುಡದಿಂದ ಮಾಡ್ಬೇಕು," ಎಂದವರೇ ಹೋಗಿ ಮನೆಯ ಮೇನ್ ಸ್ವಿಚ್ಚನ್ನೇ ಕೆಳಗೆಳೆದರು. ಬಚ್ಚಲುಮನೆಯಲ್ಲಿ ವಾಷಿಂಗ್ ಮಷೀನು ಗಕ್ಕನೆ ನಿಂತು ಬಾಯಿ ಬಿಗಿದುಕೊಂಡಿತು. ಅದರ ಹೊಟ್ಟೆಯಲ್ಲಿ ಅತ್ತೆ ಸಂಜೆಗೆ ತೊಡಬೇಕಾಗಿದ್ದ ಬಟ್ಟೆ ಇತ್ತು. ಕರೆಂಟು ಮತ್ತೆ ಬಂದರೂ ಅದರ ಬಾಗಿಲು ತೆರೆಯಲಿಲ್ಲ.

"ನನ್ನ ಹುಟ್ಟುಹಬ್ಬಕ್ಕೆ ನಾನು ನೈಟಿ ಹಾಕ್ಕೊಂಡು ಕೂತ್ಕೋಬೇಕೇನ್ರೋ?" ಎಂದು ಅತ್ತೆ ಕಿರುಚಿದರು. ಫ್ರಿಜ್ಜಿನವನು ವಾಷಿಂಗ್ ಮಷೀನು ಬಿಚ್ಚುವ ನೆಪದಲ್ಲಿ, ಮ್ಯಾನೇಜರು ಅವನಿಗೆ ಸಲಹೆ ಕೊಡುವ ನೆಪದಲ್ಲಿ ಅಲ್ಲಿಂದ ಜಾಗ ಖಾಲಿ ಮಾಡಿದರು.

ಇದೇ ಹೊತ್ತಿಗೆ ದೊಡ್ಡಳಿಯ ಕೋಟು ಬೂಟು ಹಾಕಿಕೊಂಡು ಬಂದಿಳಿದ. ಅವನ ಕಿಸೆಯಲ್ಲಿ ಪೆನ್ ಡ್ರೈವ್ ಇತ್ತು.

"ಯಾಕೆ ಬ್ರದರ್ ಇಷ್ಟೊಂದು ಒದ್ದಾಟ? ಇದ್ರಲ್ಲೂ ಅತ್ತೆ ಫೋಟೋಗಳಿವೆ. ಎಲ್ಲದರಲ್ಲೂ ಪಕ್ಕದಲ್ಲಿ ನಾನಿದೀನಿ, ಅಷ್ಟೇ."

ಚಿಕ್ಕಳಿಯನಿಗೆ ಹೊಟ್ಟೆ ಉರಿದುಹೋಯಿತು. ಇನ್ನು ಕೈಲಾಗದು ಎನಿಸಿ ಸಿಟ್ಟಿನಲ್ಲಿ ಸೋಪುಡಬ್ಬಿಯ ಕರೆಂಟಿನ ವೈರನ್ನು ಎಳೆದುಬಿಟ್ಟ.

"ಅಯ್ಯೋ, ಮತ್ತೆ ಕರೆಂಟ್ ತೆಗೆದ್ರಾ? ನನ್ನ ಫ್ಯಾನ್ ನಿಂತೋಯ್ತು!" ಪಕ್ಕದ ಕೋಣೆಯಿಂದ ಅತ್ತೆಯ ಕೂಗು ಬಂತು.

ಚಿಕ್ಕಳಿಯ ತಲೆಯೆತ್ತಿ ನೋಡಿದ. ದೀಪ ಉರಿಯುತ್ತಿತ್ತು. ವೈರು ಮತ್ತೆ ಸಿಗಿಸಿದ. "ಹಾಂ, ಬಂತು," ಎಂದರು ಅತ್ತೆ. ಅವನು ಸೋಪುಡಬ್ಬಿಯನ್ನು ತಿರುಗಿಸಿ ನೋಡಿದ. ಅದರ ಬೆನ್ನಿಗೆ ವೈರು ಸಿಗಿಸುವ ಎರಡು ತೂತುಗಳು: ನೀಲಿಯದು ವೇಗದ್ದು, ಕಪ್ಪಿನದು ನಿಧಾನದ್ದು. ನೀಲಿಯಲ್ಲಿ ಇರಬೇಕಾದ ಡಿಸ್ಕು ಕಪ್ಪಿನಲ್ಲಿತ್ತು. ನೀಲಿಯಿಂದ ಹೊರಟ ಒಂದು ಬಿಳಿ ವೈರು ಬಟ್ಟೆಯ ಪರದೆಯ ಹಿಂದೆ ಹೋಗಿ, ಪಕ್ಕದ ಕೋಣೆಗೆ ತೆರೆಯುವ ಗೋಡೆಯ ಸಣ್ಣ ಕಿಟಕಿ ದಾಟಿ, ಅತ್ತೆಯ ಮಂಚದ ಬಳಿಯ ಪುಟ್ಟ ಫ್ಯಾನಿಗೆ ಸೇರಿತ್ತು. ಹೋದ ವಾರ ದೊಡ್ಡಳಿಯ ಉಡುಗೊರೆ ಕೊಟ್ಟ ಫ್ಯಾನು! ಒಳ್ಳೆಯ ಜಾಗವನ್ನೂ ಹಿಡಿದು ಡಿಸ್ಕಿಗೆ ಸೇರಬೇಕಾದ ಕರೆಂಟನ್ನೂ ಅದೇ ಕುಡಿಯುತ್ತಿತ್ತು.

ಫ್ಯಾನು ಕಿತ್ತು ಡಿಸ್ಕನ್ನು ನೀಲಿಗೆ ಹಾಕಿದ. ಅತ್ತೆಯ ಬಾಯಿ, ಗದ್ದ, ಹೂವಿನ ಹಾರ, ಪಕ್ಕದಲ್ಲಿ ಹೆದರಿ ನಿಂತ ಮಾವ, ಎಲ್ಲ ಒಂದೇ ಏಟಿಗೆ ಬಂದರು. ಚಿಕ್ಕಳಿಯ ಒಬ್ಬನೇ ಕುಣಿದ.

ಸಂಜೆ ಹಜಾರ ತುಂಬಿತು. ವಾಷಿಂಗ್ ಮಷೀನು ಕೊನೇ ಗಳಿಗೆಯಲ್ಲಿ ಬಾಯಿಬಿಟ್ಟಿದ್ದರಿಂದ ಅತ್ತೆ ಅರೆಬರೆ ಒಣಗಿದ ಬಟ್ಟೆಯಲ್ಲೇ ಕೂತಿದ್ದರು. ಸುಮ್ಮನೆ ಫೋಟೋ ಹಾಕಿದ್ದರೆ ಮುಗಿದಿತ್ತು. ಆದರೆ ಚಿಕ್ಕಳಿಯನಿಗೆ ದೊಡ್ಡಳಿಯನ ಕೋಟು ನೋಡಿ ನಾಲಿಗೆ ತುರಿಸಿತು.

"ಮೊದಲು ಒಂದು ಮಾತು. ನನ್ನ ಡಿಸ್ಕನ್ನ ಕಿತ್ತು ಫ್ಯಾನು ಸಿಗಿಸಿ, ನನ್ನ ಮಾನ ಕಳೆಯೋಕೆ ನೋಡಿದವರು ಇಲ್ಲೇ ಇದಾರೆ!"

"ಅಳಿಯಂದ್ರೇ, ಅದು..." ಎಂದು ಅತ್ತೆ ಬಾಯಿ ತೆರೆದರು.

"ನೀವು ಸುಮ್ನಿರಿ ಅತ್ತೆ, ಅವರ ಪರ ವಹಿಸ್ಕೋಬೇಡಿ."

"ಹಾಗಲ್ಲಪ್ಪಾ, ಆವತ್ತು..."

"ಏನೂ ಹೇಳ್ಬೇಡಿ! ಅದನ್ನ ಸಿಗಿಸಿದ ಕೈ ಯಾರದೇ ಆಗ್ಲಿ, ಅವರು ಇನ್ಮುಂದೆ ಆ ಕೋಣೆಗೆ ಕಾಲಿಡಕೂಡದು. ಒಪ್ತೀರಾ?"

 ಅತ್ತೆ ಕುರ್ಚಿಗೆ ಆರಾಮವಾಗಿ ಒರಗಿಕೊಂಡರು. "ಒಪ್ಪಿದೆ. ಇಷ್ಟು ಜನರ ಮುಂದೆ ಆಡಿದ ಮಾತು, ಆಮೇಲೆ ಇಲ್ಲ ಅನ್ನೋ ಹಾಗಿಲ್ಲ." ಮ್ಯಾನೇಜರೂ ಫ್ರಿಜ್ಜಿನವನೂ ನಾವೇ ಸಾಕ್ಷಿ ಎಂದರು.

ಫೋಟೋಗಳು ಶುರುವಾದವು. ತೊಟ್ಟಿಲಿನ ಅತ್ತೆ, ಶಾಲೆಯ ಅತ್ತೆ, ಮದುವೆಯ ಅತ್ತೆ. ಎಲ್ಲೂ ತಡವರಿಸದೆ ಒಂದರ ಹಿಂದೊಂದು ಬಂದವು. ಜನ ಚಪ್ಪಾಳೆ ತಟ್ಟಿದರು. ಅತ್ತೆ ಕಣ್ಣೊರೆಸಿಕೊಂಡರು. ದೊಡ್ಡಳಿಯನ ಮುಖ ಹರಳೆಣ್ಣೆ ಕುಡಿದವನ ಹಾಗಾಯಿತು. ಚಿಕ್ಕಳಿಯನಿಗೆ ಜನ್ಮ ಸಾರ್ಥಕವೆನಿಸಿತು.

ಕೊನೆಯದಾಗಿ ಹೋದ ವಾರದ ಫೋಟೋ ಬಂತು. ಅದರಲ್ಲಿ ಚಿಕ್ಕಳಿಯನೇ ಇದ್ದ. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಯಾರೊಡನೆಯೋ ನಗುತ್ತಿದ್ದ. ಒಂದು ಕೈಯಲ್ಲಿ ಆಗತಾನೇ ಕಿತ್ತ ಡಿಸ್ಕಿನ ವೈರು, ಇನ್ನೊಂದು ಕೈಯಿಂದ ಬಿಳಿ ವೈರನ್ನು ನೀಲಿ ತೂತಿಗೆ ತುರುಕುತ್ತಿದ್ದ. ಸಣ್ಣ ಕಿಟಕಿಯಲ್ಲಿ ಅತ್ತೆ ಫ್ಯಾನು ಹಿಡಿದು ನಿಂತಿದ್ದರು.

"ನಾನೇ ತೆಗೆದಿದ್ದು," ಎಂದಳು ಹೆಂಡತಿ ಹೆಮ್ಮೆಯಿಂದ. "ಫೋನಲ್ಲಿ ಹರಟ್ತಾ ಹರಟ್ತಾನೇ ಅಮ್ಮನ ಫ್ಯಾನ್ ಹಾಕ್ಕೊಟ್ರು. ಎಷ್ಟು ಸ್ಪಷ್ಟವಾಗಿ ಬಂದಿದೆ ನೋಡಿ!"

ಚಿಕ್ಕಳಿಯ ರಿಮೋಟಿಗೆ ತಡಕಾಡಿದ. ಮುಂದೆ ಬೇರೆ ಫೋಟೋ ಇರಲಿಲ್ಲ, ಹಾಗಾಗಿ ಅದು ಗೋಡೆಯ ತುಂಬ ಹಾಗೇ ನಿಂತಿತು. ಯಾರೋ ಕಿಸಕ್ಕೆಂದರು. ಅತ್ತೆ ಎದ್ದರು.

"ದೊಡ್ಡಳಿಯಂದ್ರೇ, ಹೊಲಿಗೆ ಮಷೀನು ಎತ್ತೋಕೆ ಒಂದು ಕೈ ಕೊಡಿ. ಚಿಕ್ಕಳಿಯಂದ್ರನ್ನ ಕೇಳೋಣ ಅಂದ್ರೆ, ಪಾಪ, ಅವರು ಆ ಕೋಣೆಗೆ ಕಾಲಿಡೋ ಹಾಗಿಲ್ಲ."