ಬಾಲವಿಲ್ಲದ ಹಲ್ಲಿಗಳ ವಲಸೆ

ನಮ್ಮ ಮನೆಯನ್ನು ಹಲ್ಲಿಮುಕ್ತ ಮಾಡಿಯೇ ತೀರುತ್ತೇನೆ! ಅದೂ ಒಂದೇ ಒಂದು ಜೀವಕ್ಕೂ ನೋವಾಗದ ಹಾಗೆ!

ಮಿರಜದ ನಮ್ಮ ಅಡುಗೆಮನೆಯಲ್ಲಿ, ಸ್ಟೂಲಿನ ಮೇಲೆ ನಿಂತು ನಾನು ಈ ಶಪಥ ಮಾಡಿದಾಗ, ಸ್ಟೂಲು ಅಲುಗಾಡದಂತೆ ಹಿಡಿದುಕೊಂಡು ನಿಂತವಳು ನನ್ನ ಹೆಂಡತಿ ತ್ರಿಶಲಾ. ಇಂಥ ವೀರವಾಣಿಗೆ ಇದ್ದವಳು ಒಬ್ಬಳೇ ಶ್ರೋತೃ. ಅವಳೂ ಆಕಳಿಸುತ್ತಿದ್ದಳು.

ಕಾರಣ ದೊಡ್ಡದೇ ಇತ್ತು. ಈ ಸಲ ಚಾತುರ್ಮಾಸಕ್ಕೆ ನಮ್ಮ ಬಸದಿಗೆ ಮುನಿಮಹಾರಾಜರೊಬ್ಬರು ಬಂದಿದ್ದರು. ದಿಗಂಬರ ಮುನಿಗಳು ದಿನಕ್ಕೆ ಒಂದೇ ಸಲ, ನಿಂತುಕೊಂಡು, ಬೊಗಸೆಯಲ್ಲೇ ಆಹಾರ ತೆಗೆದುಕೊಳ್ಳುತ್ತಾರೆ. ಯಾರ ಮನೆಯ ಮುಂದೆ ನಿಲ್ಲುತ್ತಾರೋ ಅವರ ಭಾಗ್ಯ. ಆದರೆ ಬೊಗಸೆಯಲ್ಲಿ ಸತ್ತ ಹುಳವೊಂದು ಕಂಡರೂ ಅಂತರಾಯ. ಅಲ್ಲಿಗೆ ಊಟ ಮುಗಿಯಿತು, ಮತ್ತೆ ನೀರು ಮುಟ್ಟುವುದೂ ಮರುದಿನವೇ. ತ್ರಿಶಲಾ ವರ್ಷಗಳಿಂದ ಕಾದಿದ್ದ ಅವಕಾಶ. ನಮ್ಮ ಮನೆಯಲ್ಲಿ ಮಹಾರಾಜರು ಹಸಿದು ಹೋದರೆ ಅವಳು ಜನ್ಮದಲ್ಲಿ ತಲೆ ಎತ್ತುವುದಿಲ್ಲ, ನನ್ನನ್ನು ಎತ್ತಲು ಬಿಡುವುದೂ ಇಲ್ಲ.

ಅಂಥದರಲ್ಲಿ ಅಡುಗೆಕಟ್ಟೆಯ ಮೇಲೆ, ಸರಿಯಾಗಿ ಹಾಲಿನ ಪಾತ್ರೆಯ ನೆತ್ತಿಗೆ, ಹಲ್ಲಿಯೊಂದು ನೇತುಬಿದ್ದಿತ್ತು!

"ಬಿದ್ದರ ಏನ್ ಗತಿ?" ಎಂದೆ.

"ಇಷ್ಟ ವರ್ಷ ಬಿದ್ದಿಲ್ಲ, ಈಗ್ಯಾಕ ಬೀಳ್ತೇತಿರಿ? ಅದರ ಪಾಡಿಗೆ ಅದನ್ನ ಬಿಡ್ರಿ."

"ನಾ ಕುಪವಾಡದ ಕಾರ್ಖಾನ್ಯಾಗ ಸೂಪರ್‌ವೈಸರ್ ಅದೇನಿ. ಅಪಘಾತ ಆಗೂಕಿಂತ ಮೊದಲ ತಡೀಬೇಕು. ನಿನಗ ತಿಳಿಯೂದಿಲ್ಲ."

ನನ್ನ ಅಸ್ತ್ರ ಶ್ರೀಖಂಡದ ಖಾಲಿ ಡಬ್ಬಿ ಮತ್ತು ಹಳೆಯ ಕ್ಯಾಲೆಂಡರಿನ ರಟ್ಟು. ಹಲ್ಲಿಯ ಮೇಲೆ ಡಬ್ಬಿ ಕವುಚುವುದು, ಹಿಂದಿನಿಂದ ರಟ್ಟು ತೂರಿಸುವುದು, ಆಮೇಲೆ ಮರ್ಯಾದೆಯಿಂದ ಬೀಳ್ಕೊಡುವುದು. ಯೋಜನೆ ಅದ್ಭುತವಾಗಿತ್ತು. ಹಲ್ಲಿಗೆ ಮಾತ್ರ ಅದನ್ನು ಯಾರೂ ವಿವರಿಸಿರಲಿಲ್ಲ. ಡಬ್ಬಿ ತಾಗುತ್ತಲೇ ಬಾಲ ಕಳಚಿ ಕೆಳಗೆ ಬಿಸಾಕಿತು! ಬಾಲ ತ್ರಿಶಲಾಳ ಪಾದದ ಬಳಿ ಕುಣಿಯತೊಡಗಿತು.

"ಅಯ್ಯಯ್ಯ, ಹಿಂಸಾ ಮಾಡಿದ್ರಿ!"

"ನಾ ಎಲ್ಲಿ ಮಾಡೇನಿ? ಅದ ತಾನ ದಾನ ಕೊಟ್ಟೇತಿ!"

ಅಡುಗೆಮನೆ, ಪಡಸಾಲೆ, ದೇವರ ಕೋಣೆ, ಮೀಟರ್ ಬೋರ್ಡಿನ ಹಿಂದುಗಡೆ, ಎಲ್ಲೆಡೆಯ ಹಲ್ಲಿಗಳೂ ಒಂದೊಂದಾಗಿ ಇದೇ ದಾನಧರ್ಮ ಮಾಡಿ ಡಬ್ಬಿ ಸೇರಿದವು. ಬಾಲ ನನಗೆ, ಬದುಕು ಅವಕ್ಕೆ. ಅವನ್ನು ಬಿಡುವುದೆಲ್ಲಿ? ಮಳೆಯಲ್ಲಿ ದೂರ ಹೋಗುವವರು ಯಾರು! ಕಂಪೌಂಡ್ ಗೋಡೆಯ ಆಚೆ ಗುರುಶಾಂತವ್ವನ ಮನೆ. ತೀರಿಕೊಂಡ ಗಂಡ ಬಿಟ್ಟುಹೋದ ಬೆಲ್ಲದ ಅಂಗಡಿಯನ್ನು ಮಗನ ಕೈಗೆ ಕೊಟ್ಟು, ಓಣಿಯ ಉಸ್ತುವಾರಿಯನ್ನು ತಾನೇ ಇಟ್ಟುಕೊಂಡ ಹಿರಿಯಾಕೆ. ಆಕೆ ಮಗನ ಜೊತೆ ಬೇಡಗ ಊರಿನ ಬೀಗರ ಮನೆಗೆ ಹೋಗಿದ್ದ ಹೊತ್ತು ನೋಡಿ, ಡಬ್ಬಿಯನ್ನು ಗೋಡೆಯ ಆಚೆ ಮೆಲ್ಲಗೆ ಬಗ್ಗಿಸಿದೆ. ಹಲ್ಲಿಗಳು ಹಿಂದಿರುಗಿ ನೋಡಲೂ ಇಲ್ಲ.

"ನೋಡು, ಹಲ್ಲಿ ನಾಪತ್ತೆ!" ಎಂದು ಮೀಸೆ ತಿರುವಿದೆ.

ಆಮೇಲೆ ಮಳೆ ಜೋರಾಗಿ ಹಿಡಿಯಿತು ನೋಡಿ! ಟ್ಯೂಬ್‌ಲೈಟ್ ಹಾಕಿದರೆ ಸಾಕು, ಓಣಿಯ ರೆಕ್ಕೆಹುಳವೆಲ್ಲ ನಮ್ಮ ಪಡಸಾಲೆಗೆ ನುಗ್ಗತೊಡಗಿತು. ಮೊದಲೂ ಬರುತ್ತಿತ್ತೇನೋ, ಆದರೆ ಬಂದದ್ದನ್ನು ವಿಚಾರಿಸಿಕೊಳ್ಳುವವರು ಗೋಡೆಯ ಮೇಲಿದ್ದರು. ಈಗ ಬಂದ ಹುಳ ರೆಕ್ಕೆ ಉದುರಿಸಿ, ನೆಲಕ್ಕೆ ಬಿದ್ದು ಸತ್ತಿತು. ಸತ್ತ ಹುಳದ ವಾಸನೆ ಹಿಡಿದು ಇರುವೆ ಬಂತು. ಇರುವೆಗೆ ಹುಳದ ಜೊತೆ ಬೆಲ್ಲದ ಡಬ್ಬಿಯೂ ಸಿಕ್ಕಿತು. ಅದು ಸಂಸಾರ ಸಮೇತ ಅಲ್ಲೇ ಉಳಿಯಿತು. ಹುಳ ಇಷ್ಟೊಂದು ಇರುವುದನ್ನು ಕಂಡು ಜೇಡಗಳು ಮೂಲೆಮೂಲೆಯಲ್ಲಿ ಮಳಿಗೆ ತೆರೆದವು. ಜಿರಳೆಗಳಿಗಂತೂ ಯಾರ ಭಯವೂ ಇಲ್ಲ, ನಡುಮನೆಯಲ್ಲಿ ವಾಯುವಿಹಾರ! ಔಷಧ ಹೊಡೆಯುವ ಮಾತು ನಮ್ಮಲ್ಲಿ ಎತ್ತುವಂತೆಯೇ ಇಲ್ಲ. ತ್ರಿಶಲಾ ಮೆತ್ತನೆಯ ಪೊರಕೆಯಿಂದ ಒಂದೊಂದನ್ನೇ ಸಾವಕಾಶ ಹೊರಗೆ ದೂಡುವಳು. ಅವಳು ಬಾಗಿಲು ಹಾಕುವಷ್ಟರಲ್ಲಿ ಅವು ಕಿಟಕಿಯಿಂದ ಒಳಗೆ.

ದಿನಾ ಬೆಳಗ್ಗೆ ಬಾವಿಯ ನೀರು ಸೋಸಿ, ಮಡಿಯಲ್ಲಿ ಮಹಾರಾಜರಿಗಾಗಿ ಅಡುಗೆ ಮಾಡುವಳು. ಅವರನ್ನು ಕರೆಯಲು ಬಾಗಿಲಿಗೆ ಹೋಗಿ ನಿಲ್ಲಬೇಕೆನ್ನುವಷ್ಟರಲ್ಲಿ ಬೇಳೆಯಲ್ಲೊಂದು ರೆಕ್ಕೆ, ಹಾಲಿನಲ್ಲೊಂದು ಇರುವೆ. ಅಷ್ಟೂ ಅಡುಗೆ ಆಕಳಿಗೆ! ಮಹಾರಾಜರು ನಮ್ಮ ಓಣಿಗೆ ಬರಲಿಲ್ಲ. ಆಕಳು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ.

ಅಂಥ ಒಂದು ಬೆಳಗ್ಗೆ ಗುರುಶಾಂತವ್ವ ಬಂದು ಕಟ್ಟೆಯ ಮೇಲೆ ಕೂತಳು.

"ಏನ ಹೇಳ್ಲಿ ತ್ರಿಶಲಾ, ಈ ವರ್ಷ ನಮ್ಮನಿಯಾಗ ಒಂದ ಗುಂಗಾಡ ಇಲ್ಲ, ಒಂದ ಹುಳ ಇಲ್ಲ! ದೇವರ ಕಳಿಸ್ಯಾನೋ ಏನೋ, ಗ್ವಾಡಿ ತುಂಬ ಹಲ್ಲಿ. ಎಲ್ಲಾ ತಿಂದು ಸ್ವಚ್ಛ ಮಾಡ್ಯಾವ. ಒಂದ ಮಾತ್ರ ವಿಚಿತ್ರ ನೋಡವಾ, ಒಂದಕ್ಕೂ ಬಾಲಿಲ್ಲ!"

ತ್ರಿಶಲಾ ತಿರುಗಿ ನನ್ನನ್ನು ನೋಡಿದಳು. ನಾನು ಸೂರಿನ ಜೇಡನನ್ನು ನೋಡಿದೆ.

ಆಕೆ ಹೋದ ಮೇಲೆ ವಿಚಾರಣೆ ಶುರು.

"ಹುಳಾ ತಿನ್ನಾವ್ರನ್ನ ಮನಿ ಬಿಡಿಸಿದ್ರಿ. ಈಗ ಹುಳಾ ಯಾರ ತಿನ್ಬೇಕು, ನೀವ ತಿಂತೀರೇನ?"

"ಅಲ್ಲ, ಹಲ್ಲಿ ಹಾಲಿನಾಗ ಬಿದ್ದಿದ್ರ..."

"ಹಲ್ಲಿದು ರಾತ್ರಿ ಪಾಳಿ, ಮಹಾರಾಜರ ಆಹಾರ ಮುಂಜಾನೆ. ಇಬ್ಬರಿಗೂ ಭೇಟಿನ ಇಲ್ಲ! ಕಾರ್ಖಾನ್ಯಾಗ ದಿನಾ ಪಾಳಿ ಹಂಚಾವ್ರು, ಇಷ್ಟ ತಿಳೀಲಿಲ್ಲೇನ್ರಿ?"

ಶಾಲೆಯಲ್ಲಿ ಆಹಾರ ಸರಪಳಿಯ ಚಿತ್ರ ಬರೆದು ಶಾಭಾಸ್ ಅನ್ನಿಸಿಕೊಂಡವನು ನಾನು. ಮಹಾರಾಜರ ಆಹಾರ ಕಾಯಲು ಹೋಗಿ ಆ ಸರಪಳಿಯ ಕೊಂಡಿಯನ್ನೇ ಕಿತ್ತು ಪಕ್ಕದ ಮನೆಗೆ ಎಸೆದಿದ್ದೆ!

ಮತ್ತೆ ಡಬ್ಬಿ ಹಿಡಿದು ಗುರುಶಾಂತವ್ವನ ಬಾಗಿಲಿಗೆ ಹೋಗಿ ನಿಂತೆ.

"ಅಕ್ಕಾರ, ಒಂದೆರಡು ಹಲ್ಲಿ ಸಿಗ್ತಾವೇನ್ರಿ?"

ಆಕೆ ನನ್ನ ಮುಖ ನೋಡಿದಳು. ಡಬ್ಬಿ ನೋಡಿದಳು. ಆಮೇಲೆ ಸೆರಗು ಬಾಯಿಗಿಟ್ಟು, ಗೋಡೆಗೆ ಒರಗಿ ನಗತೊಡಗಿದಳು.

"ಓಹೋ, ನೀ ಏನೋ ನೇಮಣ್ಣ, ಅವುಕ್ಕ ಮುಂಡನ ಮಾಡಿಸಿ ನನ್ನ ಕಡೆ ದಾಟಿಸಿದಾಂವ! ಒಯ್ಯಿ, ಹಿಡಕೊಂಡ ಒಯ್ಯಿ. ಆದ್ರ ಬಾಲ ಕಸಕೊಂಡವರ ಮನಿಗಿ ಅವು ಮತ್ತ ಹ್ಯಾಂಗ ಬರ್ತಾವೋ?"

ಬರಲಿಲ್ಲ. ಡಬ್ಬಿ ಕಂಡೊಡನೆ ಎಲ್ಲವೂ ಗೋಡೆಯ ಫೋಟೋಗಳ ಹಿಂದೆ ಸೇರಿದವು, ಒಂದೂ ಹೊರಬೀಳಲಿಲ್ಲ. ಬರಿಗೈಯಲ್ಲಿ ಮರಳಿದೆ. ಮನೆಯಲ್ಲಿ ತ್ರಿಶಲಾ ಅಡುಗೆಕಟ್ಟೆಗೆ ತಲೆ ಆನಿಸಿ ಅಳುತ್ತಿದ್ದಳು. ಅವಳು ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಅಳು ಕಂಡು ನನ್ನ ಸೂಪರ್‌ವೈಸರಿಕೆಯೆಲ್ಲ ಇಳಿದುಹೋಯಿತು.

ನನ್ನ ಹಿಂದೆಯೇ ಬಂದ ಗುರುಶಾಂತವ್ವ ಈಗ ನಗಲಿಲ್ಲ. "ಅಳಬ್ಯಾಡ ಏಳವಾ. ನಾವೂ ಮಾಂಸ ತಿನ್ನಾವ್ರಲ್ಲ, ಈಳಿ ಮುಟ್ಟಿದ್ರ ಬರೇ ಕಾಯಿಪಲ್ಲೆ ಹೆಚ್ಚಾಕ ಮುಟ್ಟಾವ್ರು. ನನ್ನ ಮುಂದಿನ ಖೋಲಿ ಖಾಲಿ ಐತಿ. ಸುಣ್ಣ ಹೊಡಸ್ತೀನಿ, ತೊಳಕೊಂಡು ಅಲ್ಲೇ ಅಡಗಿ ಮಾಡು."

ಖೋಲಿ ತೊಳೆದದ್ದು ನಾನೇ. ತೊಳೆದ ನೆಲವನ್ನು ತ್ರಿಶಲಾ ಮತ್ತೊಮ್ಮೆ ತೊಳೆದಳು. ನನ್ನ ಮೇಲೆ ಅಷ್ಟು ವಿಶ್ವಾಸ!

ಒಂದು ಮುಂಜಾನೆ ಮಹಾರಾಜರು ನಮ್ಮ ಓಣಿಗೆ ತಿರುಗಿದರು. ನಮ್ಮ ಮನೆ ದಾಟಿ, ಗುರುಶಾಂತವ್ವನ ಬಾಗಿಲಲ್ಲಿ ಕಲಶ ಹಿಡಿದು ನಿಂತಿದ್ದ ನಮ್ಮಿಬ್ಬರ ಮುಂದೆ ನಿಂತೇಬಿಟ್ಟರು! ತ್ರಿಶಲಾಳ "ನಮೋಸ್ತು" ನಡುಗಿತು. ಒಳಗೆ ಅವಳು ತುತ್ತು ನೀಡುವಾಗ ನಾನು ಬೊಗಸೆಯನ್ನೇ ನೋಡುತ್ತಿದ್ದೆ. ಅನ್ನ, ಬೇಳೆ, ಹಾಲು, ಕೊನೆಗೆ ನೀರು. ರೆಕ್ಕೆಯಿಲ್ಲ, ಇರುವೆಯಿಲ್ಲ. ನಿರಂತರಾಯ! ಗುರುಶಾಂತವ್ವ ಬಾಗಿಲಾಚೆ ಕಣ್ಣೊರೆಸಿಕೊಂಡಳು.

ಆಹಾರ ಮುಗಿದ ಮೇಲೆ ಮಹಾರಾಜರು ನನ್ನತ್ತ ನೋಡಿ, "ನೇಮಿನಾಥ, ಇಂದಿನ ನೆನಪಿಗೆ ಒಂದು ನಿಯಮ ತೊಗೋಳಪ್ಪ" ಎಂದರು.

ನಾನು ಕೈಮುಗಿದೆ. ಆಲೂಗಡ್ಡೆ ಬಿಡಲೋ, ಚಹಾ ಬಿಡಲೋ ಎಂದು ಲೆಕ್ಕ ಹಾಕುತ್ತಿದ್ದಂತೆ ತ್ರಿಶಲಾ ಮುಂದೆ ಬಂದು ತಲೆಬಾಗಿದಳು.

"ಮಹಾರಾಜ, ಮನಿ ಕೆಲಸದಾಗ ಇವರು ತಮ್ಮ ತಲಿ ಓಡಸಬಾರದು ಅಂತ ನಿಯಮ ಕೊಡ್ರಿ."

ಮಹಾರಾಜರು ನಕ್ಕರು. "ಎಷ್ಟು ದಿನಕ್ಕ?"

"ಚಾತುರ್ಮಾಸ ಮುಗಿಯೂತನಕ..." ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದಿಂದ ತ್ರಿಶಲಾ, ಬಾಗಿಲಾಚೆಯಿಂದ ಗುರುಶಾಂತವ್ವ ಒಂದೇ ದನಿಯಲ್ಲಿ ಕೂಗಿದರು:

"ಆಜೀವನ!"

ಮಹಾರಾಜರ ಕೈಯ ನವಿಲುಗರಿಯ ಪಿಂಛಿ ನನ್ನ ತಲೆಯನ್ನು ಮುಟ್ಟಿತು, ನಿಯಮಕ್ಕೆ ಮುದ್ರೆ ಬಿತ್ತು.