ಪರಮೇಶಪ್ಪನವರ ಕೊಡದ ಮೇಲಿನ ಸಾಲು

ನಂಬದಿದ್ದರೆ ಬಿಡ್ರಿ, ಯಾರೂ ಕಾಲು ಹಿಡಿಯಂಗಿಲ್ಲ. ಆದರೆ ಬಿಡುವ ಮೊದಲು ಹಾನಗಲ್ಲಿನ ಯಾರ ಮನೆಗಾದರೂ ಹೋಗಿ ಕುಡಿಯಲು ನೀರು ಕೇಳಿ, ಸ್ಟೀಲ್ ಕೊಡದ ಹೊಟ್ಟೆ ನೋಡ್ರಿ. ಬಳ್ಳಿ, ನವಿಲು, ಸಿಂಹದ ಬಾಲ ಸುತ್ತಿಕೊಂಡ ಒಂದು ಸಾಲು ಅಲ್ಲಿದೆ. ಅದನ್ನು ಓದಿ ತೋರಿಸಿದರೆ ನಮ್ಮ ಹಿರೇಬೆಂಡಿಗೇರಿ ಊರಿಗೆ ಊರೇ ಮೀಸೆ ಬೋಳಿಸಿಕೊಳ್ಳುತ್ತದೆ.

ಹಾನಗಲ್ಲಿನ ಸಮಸ್ತ ಕಲ್ಯಾಣ ಪತ್ತಿನ ಸಹಕಾರ ಸಂಘದ ಉಪವಿಧಿಯ ಪ್ರಕಾರ, ವಾರ್ಷಿಕ ಮಹಾಸಭೆಗೆ ಹಾಜರಾದ ಪ್ರತಿ ಸದಸ್ಯನಿಗೂ ಒಂದು ಪಾತ್ರೆ ಕೊಡತಕ್ಕದ್ದು. ಪಾತ್ರೆ ಇಲ್ಲದೆ ಕೋರಂ ಆದ ದಾಖಲೆ ಇಲ್ಲ. ಈ ವರ್ಷ ಚುನಾವಣೆ ಇದ್ದುದರಿಂದ ಪಾತ್ರೆಯು ಬಟ್ಟಲಿನಿಂದ ಕೊಡಕ್ಕೆ ಬಡ್ತಿ ಪಡೆಯಿತು. ಅದರ ಮೇಲೆ ತಮ್ಮ ಹೆಸರು ಕೆತ್ತಿಸಲು ಅಧ್ಯಕ್ಷ ಪರಮೇಶಪ್ಪನವರು ಹಿರೇಬೆಂಡಿಗೇರಿಯ ಶರಣುವನ್ನು ಕರೆಸಿದರು.

ಶರಣು ಅಂದರೆ ಸಾದಾ ಆಸಾಮಿ ಅಲ್ಲ. ಶಿಗ್ಗಾಂವಿ ತಾಲೂಕಿನ ಟ್ರ್ಯಾಕ್ಟರುಗಳ ಬೆನ್ನ ಮೇಲೆ ಬಣ್ಣದಲ್ಲಿ ಬರೆದ ಹೆಸರೆಲ್ಲ ಅವನ ಕೈಯವೇ. ಸಂಘದಲ್ಲಿ ಗುಮಾಸ್ತನ ಕುರ್ಚಿ ಖಾಲಿ ಇತ್ತು. ಅದು ಸಿಗುವ ಮೊದಲೇ ಅವನು ಇಸ್ತ್ರಿ ಅಂಗಿ ಹಾಕಿ ಊರೆಲ್ಲ ತಿರುಗಿ, ಸಿಕ್ಕೇ ಬಿಟ್ಟಿದೆ ಎಂದು ಸಾರಿ, ಎಲ್ಲರ ಬಾಯಲ್ಲಿ 'ಸಾಹೇಬ್ರು' ಅನ್ನಿಸಿಕೊಂಡಿದ್ದ. ಇನ್ನು ಕುರ್ಚಿ ಇಲ್ಲದೆ ಊರಿಗೆ ಕಾಲಿಡುವಂತಿರಲಿಲ್ಲ.

"ಹೆಸರು ಭಾರಿ ಬರಬೇಕು ನೋಡಪಾ. ಬಂತಂದ್ರ ಕುರ್ಚಿ ನಿಂದ" ಎಂದರು ಪರಮೇಶಪ್ಪ.

"ಸಾವಿರ ವರ್ಷದ ಹಿಂದಿನ ರಾಜರಿಗೂ ಇಂಥ ಅಕ್ಷರ ಸಿಕ್ಕಿಲ್ರಿ, ಹಂಗ ಮಾಡ್ತೇನಿ."

ಶರಣು ಹಳೇ ಗುಡಿಯ ಶಾಸನದ ಫೋಟೊ ಹೊಡೆದು ಫೋನಿನ ಎಐಗೆ ಹಾಕಿದ. ಇದೇ ಥರದ ಅಕ್ಷರದಲ್ಲಿ, ಬಳ್ಳಿ ನವಿಲು ಸಿಂಹ ಕೂಡಿಸಿ, 'ಪರಮೇಶಪ್ಪನವರ ಪ್ರೀತಿಯ ಕಾಣಿಕೆ' ಎಂದು ಬರೆ ಅಂತ ಅಪ್ಪಣೆ ಮಾಡಿದ. ದೊಡ್ಡ ಅಧಿಕಾರಿಗಳಂತೆ ಎಐ ಕೂಡ ಒಂದು ಪ್ರಶ್ನೆ ಕೇಳದೆ ಕೆಲಸ ಮುಗಿಸಿತು. ಚಿತ್ರ ಕಣ್ಣು ಕುಕ್ಕುವಂತಿತ್ತು.

ಸವಣೂರಿನಲ್ಲಿ ಪಾತ್ರೆಗೆ ಹೆಸರು ಕೊರೆಯುವ ಬಿಲಾಲ ಚಿತ್ರವನ್ನು ತಲೆಕೆಳಗು ಮಾಡಿಯೂ ನೋಡಿದ. "ಶರಣುಭಾಯ್, ಇದು ಯಾವ ಭಾಷಾ?"

"ಕಲಾ ಅಂತಾರ ಇದಕ್ಕ. ಕೊರಿ ಸುಮ್ಕ."

ಕೊಡಗಳು ಹಂಚಿಕೆಯಾದವು. ಎಲ್ಲರೂ ಮೆಚ್ಚಿದರು, ಯಾರಿಗೂ ಓದಲು ಬರಲಿಲ್ಲ. ಇದನ್ನು ತಿಳಿದ ಎದುರಾಳಿ ಗೋಣೆಪ್ಪನವರು ಮನೆಮನೆಗೆ ಹೋಗಿ, "ಅದರ ಮ್ಯಾಲ ಇರೂದು ನನ್ನ ಹೆಸರs. ಮರೀಬ್ಯಾಡ್ರಿ" ಎಂದರು. ಪರಮೇಶಪ್ಪನವರು ಕೆಂಡವಾಗಿ, ತಮ್ಮ ಹೆಸರು ಕಳುವಾಗಿದೆ ಎಂದು ಚುನಾವಣಾಧಿಕಾರಿ ಸುಯಮೀಂದ್ರ ಅವರಿಗೆ ದೂರು ಕೊಟ್ಟರು.

ವಿಚಾರಣೆಗೆ ಕೊಡವನ್ನು ಮೇಜಿನ ಮೇಲೆ ಇಡಲಾಯಿತು. ಮೊದಲ ಸಾಕ್ಷಿ ಸಂಘದ ಹಿರಿಯ ಸದಸ್ಯೆ ಹೊನ್ನವ್ವ.

"ಇದನ್ನ ನಿಮಗ ಯಾರು ಕೊಟ್ರಮ್ಮ?"

"ಇಬ್ರೂ ಕೊಟ್ಟಾರಂತ್ರಿ ಸಾಹೇಬ್ರ. ಮನ್ಯಾಗ ನೋಡಿದ್ರ ಒಂದs ಐತಿ."

ಸುಯಮೀಂದ್ರ ಅವರು ನಿಯಮ ಓದಿದರು: "ಅಭ್ಯರ್ಥಿಯ ಹೆಸರುಳ್ಳ ಕಾಣಿಕೆಯು ಲಂಚ. ಸದರಿ ಅಭ್ಯರ್ಥಿಯು ಅನರ್ಹ. ಈಗ ಹೇಳ್ರಿ, ಇಲ್ಲಿರೋದು ಯಾರ ಹೆಸರು?"

"ನಂದಲ್ರಿ" ಎಂದರು ಪರಮೇಶಪ್ಪ.

"ನಂದಂತೂ ಮೊದಲs ಅಲ್ರಿ" ಎಂದರು ಗೋಣೆಪ್ಪ.

ಎಲ್ಲರೂ ಶರಣುವಿನ ಕಡೆ ತಿರುಗಿದರು. ತನ್ನ ಅಕ್ಷರ ಅಕ್ಷರವೇ ಅಲ್ಲವೆಂದು ನಾಲ್ಕು ಜನರ ಮುಂದೆ ಹೇಳುವುದಕ್ಕಿಂತ ಮೀಸೆ ಕಿತ್ತುಕೊಳ್ಳುವುದು ಹಗುರ ಅನ್ನಿಸಿತು ಅವನಿಗೆ. ಆದರೆ ಅಧ್ಯಕ್ಷರು ಗುಮಾಸ್ತನ ಖಾಲಿ ಕುರ್ಚಿಯನ್ನೇ ನೋಡುತ್ತಿದ್ದರು. ಶರಣು ಹೇಳಿಕೆ ಬರೆದುಕೊಟ್ಟ: 'ಸದರಿ ಕೊಡದ ಮೇಲಿರುವವು ಅಕ್ಷರಗಳಲ್ಲ. ಅಕ್ಷರಗಳಂತೆ ಕಾಣುವ ಅಲಂಕಾರ.'

ದೂರು ವಜಾ ಆಯಿತು. ಪರಮೇಶಪ್ಪನವರು ಗೆದ್ದರು. ಗೆದ್ದ ಮೇಲೆ ಒಂದು ದಿನ ಕೊಡವನ್ನು ತೊಡೆಯ ಮೇಲಿಟ್ಟುಕೊಂಡು ಯೋಚಿಸಿ, ಆಡಳಿತ ಮಂಡಳಿಯ ಸಭೆ ಕರೆದರು.

"ಓದಾಕ ಬಂದದ್ದಕ್ಕ ತಕರಾರು. ಓದಾಕ ಬರಲಾರದ್ದಕ್ಕ ಯಾವಾಗರೆ ತಕರಾರು ಬಂದೈತೇನು?"

ಯಾರಿಗೂ ನೆನಪಾಗಲಿಲ್ಲ. ಆದಕಾರಣ, ನಾಡಿನ ಪರಂಪರೆಯ ರಕ್ಷಣೆಗಾಗಿ ಸಂಘದ ಖರ್ಚು-ವೆಚ್ಚ, ನೋಟೀಸು, ಆದೇಶಗಳೆಲ್ಲ ಇನ್ನು ಮುಂದೆ ಶರಣುವಿನ ಅಲಂಕಾರದಲ್ಲೇ ಇರತಕ್ಕದ್ದೆಂದು ಠರಾವು ಪಾಸಾಯಿತು. ಲೆಕ್ಕ ತಪಾಸಣೆಯವರು ಬಂದು ಪುಟಪುಟ ತಿರುವಿ, 'ಆಕ್ಷೇಪಾರ್ಹವಾದದ್ದು ಏನೂ ಕಂಡುಬಂದಿಲ್ಲ' ಎಂದು ಶಿಕ್ಕಾ ಹೊಡೆದರು. ಹೊನ್ನವ್ವ ವಾರ್ಷಿಕ ವರದಿಗೆ ಕಟ್ಟು ಹಾಕಿಸಿ ದೇವರ ಕೋಣೆಯಲ್ಲಿ ತೂಗುಹಾಕಿದಳು. ಗೋಣೆಪ್ಪನವರೂ ಉಪಾಧ್ಯಕ್ಷರಾಗಿ ಆ ವರದಿಯ ಕೆಳಗೆ ಸಹಿ ಮಾಡಿದ್ದರು.

ಶರಣುವಿಗೆ ನೇಮಕಾತಿ ಆದೇಶವೂ ಬಂತು. ಮೇಲೆ ನವಿಲು, ಕೆಳಗೆ ಸಿಂಹ. ಹಿರೇಬೆಂಡಿಗೇರಿಯಲ್ಲಿ ಅದನ್ನು ನೋಡಲು ಪಾಳಿ ಹಚ್ಚಿದರು.

ತಿಂಗಳು ತುಂಬಿದ ದಿನ ಅವನು ಅಧ್ಯಕ್ಷರ ಎದುರು ನಿಂತ. "ಪಗಾರ ರೀ."

"ಆರ್ಡರಿನ್ಯಾಗ ಬರದಷ್ಟು ತಗೋ."

"ಎಷ್ಟು ಬರದೈತ್ರಿ?"

"ಅಕ್ಷರ ನಿನ್ನವು. ಓದು, ಕೊಡೂಣು."

ಶರಣು ಆದೇಶವನ್ನು ನೆಟ್ಟಗೆ ಹಿಡಿದ, ಓರೆ ಹಿಡಿದ, ಕಿಟಕಿಯ ಬೆಳಕಿಗೂ ಹಿಡಿದ. ಸಂಘ ಯಾರನ್ನೂ ಬರಿಗೈಲಿ ಕಳಿಸಿದ್ದಿಲ್ಲ.

ಅವನಿಗೆ ಒಂದು ಸ್ಟೀಲ್ ಕೊಡ ಕೊಟ್ಟರು.